ನೀರು ಕುಡಿದ ಕಾರು

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಹದಿನೈದು ದಿನ ಕಳೆದಿತ್ತು. ಧಾರವಾಡದಿಂದ ಅವರ ಮಗಳು ಫೋನ್ ಮಾಡಿ, "ಅಪ್ಪನ ಡೈರಿಯೊಳಗ ನಿಮ್ಮ ನಂಬರ್ ಇತ್ತು, ತಿಳಸಬೇಕು ಅನಸ್ತು" ಎಂದಳು. ಕೊನೆಯವರೆಗೂ ಓಡಾಡಿಕೊಂಡಿದ್ದರಂತೆ. ಯಾರಿಗೂ ತೊಂದರೆ ಕೊಡದೆ ಹೋದರಂತೆ. ಬದುಕಿದ್ದದ್ದೂ ಹಾಗೆಯೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡುವುದು ಅವರಿಗೆ ಸೇರುತ್ತಿರಲಿಲ್ಲ. ಒಮ್ಮೆ ಹಾಗೆ ಓಡಾಡಿತು, ಅದೂ ಕೆಟ್ಟದಾಗಿ. ಅದಕ್ಕೆ ಕಾರಣ ನಾನು.

ಎಂಬತ್ತರ ದಶಕದ ಮಧ್ಯದ ಮಾತು. ನಾನು ಮೈಸೂರಿನಿಂದ ಮುಂಬಯಿಗೆ ಹೋಗಿ, ಬಾಂದ್ರಾದಲ್ಲಿದ್ದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಮೋಟಾರ್ ಕ್ಲೇಮ್ ವಿಭಾಗ. ಅಲ್ಲಿಗೆ ಅವರು ಸರ್ವೇಯರ್. ಎಲ್ಲಾದರೂ ಗಾಡಿ ಗುದ್ದಿದರೆ, ಉರುಳಿದರೆ, ಸುಟ್ಟರೆ, ಹೋಗಿ ನೋಡಿ, ಏನಾಗಿದೆ, ಹೇಗಾಗಿದೆ ಎಂದು ವರದಿ ಬರೆಯುವುದು ಅವರ ಕೆಲಸ. ಐವತ್ತರ ಆಸುಪಾಸಿನ ವಯಸ್ಸು, ಬಡಕಲು ಮೈ, ಅರ್ಧ ತೋಳಿನ ಬಿಳಿ ಅಂಗಿ. ಕಂಕುಳಲ್ಲಿ ಯಾವಾಗಲೂ ಮಡಚಿದ ಹಳೆಯ ಪೇಪರು. ಓದುವುದಕ್ಕಲ್ಲ, ಗ್ಯಾರೇಜಿನ ಎಣ್ಣೆ ನೆಲದ ಮೇಲೆ ಹಾಸುವುದಕ್ಕೆ. ಅದರ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದು ಹೋಗುತ್ತಿದ್ದರು. ಕಾಲು ಗಂಟೆ ಬಿಟ್ಟು ಹೊರಗೆ ಬಂದಾಗ ಅಂಗಿ ಒಳಗೆ ಹೋದಾಗಿನಷ್ಟೇ ಬೆಳ್ಳಗಿರುತ್ತಿತ್ತು. ಅದು ಹೇಗೆ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಮೊದಲ ದಿನ ನನ್ನ ಕನ್ನಡ ಕೇಳಿ, "ಮೈಸೂರವರೇನು? ಬರ್ರಿ, ಕೂಡ್ರಿ" ಎಂದು ಪಕ್ಕದ ಸ್ಟೂಲು ಎಳೆದರು. ಅಂದಿನಿಂದ ನಾನು 'ಮೈಸೂರವರು' ಆದೆ. ಹಿಂದಿಯೂ ಮರಾಠಿಯೂ ಬಾರದೆ ಲೋಕಲ್ ಟ್ರೇನಿನಲ್ಲಿ ತಪ್ಪು ಬಾಗಿಲಿನ ಕಡೆ ನಿಂತು ಬೈಸಿಕೊಳ್ಳುತ್ತಿದ್ದ ಕಾಲದಲ್ಲಿ, ದಿನಕ್ಕೊಮ್ಮೆ ಕನ್ನಡದಲ್ಲಿ ಕರೆಯುವ ಒಂದು ದನಿ ಇದ್ದದ್ದು ದೊಡ್ಡ ಆಸರೆ. ಮಧ್ಯಾಹ್ನ ತಮ್ಮ ಡಬ್ಬಿಯಿಂದ ಜೋಳದ ರೊಟ್ಟಿಯೊಂದನ್ನು ನನ್ನ ಅನ್ನದ ಮೇಲೆ ಇಟ್ಟು, "ತಿನ್ರಿ, ಬರೇ ಅನ್ನದಾಗ ಏನ್ ಶಕ್ತಿ ಐತಿ" ಎನ್ನುತ್ತಿದ್ದರು.

ಸರ್ವೇಗೆ ಹೋಗುವಾಗ ಕೆಲವೊಮ್ಮೆ ಬರೆದುಕೊಳ್ಳಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬೆರಳಿನ ಗೆಣ್ಣಿನಿಂದ ಗಾಡಿಯ ಮೈ ತಟ್ಟಿ ಕೇಳುವರು. ತಗಡಾದರೆ ಒಂದು ಸದ್ದು, ಒಳಗೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರೆ ಇನ್ನೊಂದು. ಅನುಮಾನ ಬಂದರೆ ಕರವಸ್ತ್ರದಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ ತೆಗೆದು ಹಚ್ಚುವರು. ಪುಟ್ಟಿಗೆ ಅದು ಕಚ್ಚುವುದಿಲ್ಲ, ಜಾರಿ ಕೈಗೆ ಬೀಳುತ್ತದೆ. ಗ್ಯಾರೇಜಿನವರ ಮುಖ ಇಳಿಯುತ್ತದೆ. "ಗಾಡಿ ಸುಳ್ಳು ಹೇಳೂದಿಲ್ರಿ, ಮಾರಾಂವ ಹೇಳ್ತಾನ" ಎಂದು ನನ್ನ ಕಡೆ ತಿರುಗಿ ಹೇಳುವರು.

ಗ್ಯಾರೇಜುಗಳಲ್ಲಿ ಅವರು ಚಹಾ ಕುಡಿಯುತ್ತಿರಲಿಲ್ಲ. ಎಷ್ಟು ಒತ್ತಾಯ ಮಾಡಿದರೂ ಇಲ್ಲ. ಹೊರಗೆ ಬಂದು, ರಸ್ತೆ ದಾಟಿ, ತಮ್ಮ ಕಿಸೆಯಿಂದ ದುಡ್ಡು ಕೊಟ್ಟು ನನಗೂ ಕುಡಿಸಿ ತಾವೂ ಕುಡಿಯುವರು. ಒಮ್ಮೆ ಕೇಳಿಯೇ ಬಿಟ್ಟೆ, ಒಂದು ಕಪ್ಪು ಚಹಾದಿಂದ ಏನಾಗುತ್ತೆ ಸಾರ್ ಎಂದು.

"ಏನೂ ಆಗೂದಿಲ್ಲ" ಎಂದರು. "ಒಂದು ಕಪ್ಪಿಗೆ ಏನೂ ಆಗೂದಿಲ್ಲ. ಅದಕ್ಕ ಎರಡನೇದ್ದು ಕುಡೀತಾರ."

ಮಾಹೀಮಿನಲ್ಲಿ ಒಬ್ಬ ಟ್ಯಾಕ್ಸಿಯವನು ಗಾಡಿಯನ್ನು ರಸ್ತೆ ನಡುವಿನ ಕಟ್ಟೆಗೆ ಗುದ್ದಿದ್ದ. ಕುಡಿದು ಓಡಿಸಿದ್ದಾನೆ ಎಂದು ಎಲ್ಲರ ಅನುಮಾನ. ಹಾಗೆ ಬರೆದುಬಿಟ್ಟರೆ ಕ್ಲೇಮು ತಳ್ಳಿಹಾಕಬಹುದಿತ್ತು, ಕಚೇರಿಗೂ ಅದೇ ಬೇಕಾಗಿತ್ತು. ಇವರು ಪೇಪರು ಹಾಸಿ ಮಲಗಿ, ಸ್ಟೀರಿಂಗಿಗೆ ಸೇರುವ ಒಂದು ಕೀಲು ಮುರಿದಿದ್ದನ್ನು ಬಿಚ್ಚಿಸಿ ಹೊರಗೆ ತೆಗೆಸಿದರು. ಮುರಿದ ಜಾಗದ ಅರ್ಧ ಭಾಗ ಹೊಳೆಯುತ್ತಿತ್ತು, ಅರ್ಧ ಭಾಗಕ್ಕೆ ತುಕ್ಕು ಹತ್ತಿತ್ತು. ಬಿರುಕು ಹಿಂದೆಯೇ ಬಿಟ್ಟಿತ್ತು, ಆ ದಿನ ಪೂರ್ತಿ ಮುರಿಯಿತು ಎಂದರ್ಥ. ಹಾಗೆಯೇ ಬರೆದರು. ಆ ಟ್ಯಾಕ್ಸಿಯವನು ಪೇಢೆ ಡಬ್ಬಿ ಹಿಡಿದು ಕಚೇರಿಗೆ ಬಂದಾಗ, ಅದನ್ನು ಮುಟ್ಟದೆ, "ಗಾಡೀ ನೆ ಜೋ ಬೋಲಾ ವೋ ಮೈನೆ ಲಿಖಾ. ಘರ್ ಲೇ ಜಾವ್, ಬಚ್ಚೋಂ ಕೋ ದೇವ್" ಎಂದು, ಗಾಡಿ ಹೇಳಿದ್ದನ್ನಷ್ಟೇ ಬರೆದೆ, ಇದನ್ನು ಮಕ್ಕಳಿಗೆ ಕೊಡು ಎಂದು, ತಮ್ಮ ಧಾರವಾಡದ ಹಿಂದಿಯಲ್ಲಿ ಹೇಳಿ ಕಳಿಸಿದರು.

ಇಂಥ ಮನುಷ್ಯನನ್ನು ನಾನು ಮೂರು ತಿಂಗಳು ಕಳ್ಳನೆಂದು ನಂಬಿದ್ದೆ. ಆ ಕಥೆಯನ್ನು ಹೇಳಿಬಿಡಬೇಕು.

ಮದುವೆಯಾಗಿ ಒಂದು ವರ್ಷವಾಗಿತ್ತು. ನಾನೂ ಸರೋಜಳೂ ಮಲಾಡಿನ ಒಂದು ಚಾಳಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ಮೈಸೂರಿನಲ್ಲಿ ನಮ್ಮ ತಂದೆ ಇಟ್ಟಿದ್ದ ಸೈಟು ಮಾರಿ ಅಣ್ಣ ನನ್ನ ಪಾಲನ್ನು ಕಳಿಸಿದ್ದ. ಅದರಲ್ಲಿ ಮಲಾಡಿನಲ್ಲೇ ಏಳುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಎರಡು ಕೋಣೆಯ ಮನೆ ಬುಕ್ ಮಾಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಸರೋಜ ದಿನಾ ಸಂಜೆ ತರಕಾರಿ ತರುವ ನೆವದಲ್ಲಿ ಹೋಗಿ ಆ ಬಿಲ್ಡಿಂಗು ಎಷ್ಟು ಎತ್ತರ ಎದ್ದಿದೆ ಎಂದು ನೋಡಿಕೊಂಡು ಬರುತ್ತಿದ್ದಳು.

ಆ ನಡುವೆ ಪತ್ರಿಕೆಯಲ್ಲಿ ಒಂದು ಹರಾಜಿನ ಪ್ರಕಟಣೆ ಕಂಡೆ. ಗ್ರಾಂಟ್ ರೋಡಿನ ಹತ್ತಿರ ಬಂಗಲೆ ಇಟ್ಟುಕೊಂಡಿದ್ದ ಒಂದು ವಿದೇಶಿ ಕಂಪನಿ ಮುಂಬಯಿಯಿಂದ ಕಾಲು ಕೀಳುತ್ತಿತ್ತು. ಮೇಜು, ಕುರ್ಚಿ, ಏರ್ ಕಂಡೀಷನರುಗಳ ಪಟ್ಟಿಯ ಕೊನೆಗೆ, ಜರ್ಮನಿಯಲ್ಲಿ ತಯಾರಾದ, ದೊಡ್ಡ ಸಾಹೇಬರು ಓಡಾಡುತ್ತಿದ್ದ ಹಳೆಯ ಕಾರು.

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಹೊಸ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಆದರೆ ಇಂಥ ದೊಡ್ಡ ವಿದೇಶಿ ಗಾಡಿಗಳು, ಪೆಟ್ರೋಲು ಕುಡಿಯುತ್ತವೆ, ಬಿಡಿಭಾಗ ಸಿಗುವುದಿಲ್ಲ ಎಂಬ ಕಾರಣಕ್ಕೆ, ಹೊಸ ಸಣ್ಣ ಕಾರಿಗಿಂತ ಅಗ್ಗವಾಗಿ ಹೋಗುತ್ತಿದ್ದವು. ನನ್ನಂಥ ಗುಮಾಸ್ತನ ಕೈಗೂ ಎಟುಕಬಹುದಾದ ಬೆಲೆಗೆ. ಮೈಸೂರಿನಲ್ಲಿ ದಸರಾ ಹೊತ್ತಿನಲ್ಲಿ ಅರಮನೆಯ ಕಾರುಗಳು ಹೋಗುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದವನು ನಾನು. ಅಂಥದ್ದರ ಒಳಗೆ ಕೂತು ಸ್ಟೀರಿಂಗ್ ಹಿಡಿಯುವ ಹುಚ್ಚು ತಲೆಗೇರಿತು. ಸರೋಜಳಿಗೆ ಹೇಳಲಿಲ್ಲ. ಅವರಿಗೆ ಹೇಳಿ, ನೋಡಲು ಬನ್ನಿ ಎಂದು ಕಾಡಿದೆ.

ನೋಡಲು ಬಿಡುವ ದಿನ ಇಬ್ಬರೂ ಹೋದೆವು. ಬಂಗಲೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಕಡು ನೀಲಿ ಬಣ್ಣ, ಉದ್ದನೆಯ ಮೈ, ಒಳಗೆ ಕಂದು ಚರ್ಮದ ಸೀಟು, ಮರದ ಪಟ್ಟಿ. ಬಿಳಿ ಸಮವಸ್ತ್ರದ ಒಬ್ಬ ಡ್ರೈವರು ಬಟ್ಟೆ ಹಿಡಿದು ಅದನ್ನು ಒರೆಸುತ್ತಿದ್ದರು. ಹೆಸರು ಜೋಕಿಂ, ಮಂಗಳೂರಿನ ಕಡೆಯವರು. ಹದಿನಾರು ವರ್ಷದಿಂದ ಆ ಗಾಡಿ ಓಡಿಸಿದ್ದರು. ತಿಂಗಳ ಕೊನೆಗೆ ಅವರ ಕೆಲಸವೂ ಮುಗಿಯುವುದಿತ್ತು.

ಇವರು ಗಾಡಿಯನ್ನು ತಟ್ಟಲಿಲ್ಲ. ಬಾಗಿಲು ತೆಗೆದು, ತಲೆ ಒಳಗೆ ಹಾಕಿ, ಕಣ್ಣು ಮುಚ್ಚಿ ವಾಸನೆ ನೋಡಿದರು. ಆಮೇಲೆ ಕಾಲಡಿಯ ಮ್ಯಾಟು ಎತ್ತಿ, ಕೆಳಗಿನ ತಂತಿಗಳ ಕಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿ, ಜೋಕಿಂ ಕಡೆ ತಿರುಗಿದರು.

"ನೀರು ಎಲ್ಲೀ ಮಟ ಬಂದಿತ್ರಿ?"

ಜೋಕಿಂ ಒರೆಸುವ ಬಟ್ಟೆ ಮಡಚಿ ಹೆಗಲ ಮೇಲೆ ಹಾಕಿಕೊಂಡರು. ಆಮೇಲೆ, "ಸೀಟಿನವರೆಗೆ ಸಾರ್. ಮೂರು ವರ್ಷದ ಹಿಂದಿನ ಮಳೆಗೆ. ಎರಡು ದಿನ ನೀರಲ್ಲೇ ನಿಂತಿತ್ತು" ಎಂದರು. "ಸುಳ್ಳು ಯಾಕೆ ಹೇಳ್ಬೇಕು. ಕೇಳಿದವರಿಗೆ ಹೇಳ್ತೇನೆ, ಕೇಳದವರಿಗೆ ಇಲ್ಲ."

"ಚೊಲೊ ಮನಷ್ಯಾ ಅದೀರಿ" ಎಂದರು ಇವರು. ಆಮೇಲೆ ಇಬ್ಬರೂ ಗಾಡಿಯ ಬಾನೆಟ್ಟು ಎತ್ತಿ, ನನ್ನನ್ನು ಮರೆತು, ಅರ್ಧ ಗಂಟೆ ಏನೇನೋ ಮಾತಾಡಿದರು. ನಾನು ಆ ಹೊತ್ತಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಎಂಜಿನ್ ಚೆನ್ನಾಗಿದೆ ಎಂಬ ಒಂದು ಮಾತು ಬಿಟ್ಟರೆ ಕಿವಿಗೆ ಏನೂ ಬೀಳಲಿಲ್ಲ.

ಹೊರಗೆ ಬಂದು ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಕೂತೆವು. "ಬ್ಯಾಡ್ರಿ ಮೈಸೂರವರ" ಎಂದರು. "ನೀರು ಕುಡದ ಗಾಡಿ. ತಂತಿ ಒಳಗಿಂದ ಕೊಳತಾವ. ಇವತ್ತು ದೀಪ ಹೋಗತೈತಿ, ನಾಳೆ ಇಂಜಿನ್ನು ನಿಲ್ಲತೈತಿ. ನಡು ರಸ್ತೆದಾಗ ನಿಂತರ ನಿಮ್ಮ ಕೈಲೆ ಏನಾಕ್ಕೈತಿ? ಮುಂಬೈದಾಗ ಅದಕ್ಕ ಕೈ ಹಚ್ಚಾವ್ರು ನಾಕ ಮಂದಿ. ಕೇಳಿದಷ್ಟು ಕೊಡಬೇಕು."

"ಎಂಜಿನ್ ಚೆನ್ನಾಗಿದೆ ಅಂದ್ರಲ್ಲ ಸಾರ್ ಅವರ ಹತ್ರ?"

"ಐತಿ. ಇಂಜಿನ್ನು ಭಾಳ ಚೊಲೊ ಐತಿ. ಆದ್ರ ಅದು ನಿಮ್ಮ ಗಾಡಿ ಅಲ್ಲ." ದೋಸೆ ಮುರಿಯುತ್ತ ನನ್ನ ಮುಖ ನೋಡಿದರು. "ಮನಿ ಬುಕ್ ಮಾಡೂ ರೊಕ್ಕ ಅಲ್ಲೇನ್ರಿ ಇದು? ನಿಮ್ಮ ಮನಿಯವರಿಗೆ ಗೊತ್ತೈತೇನು?"

ಗೊತ್ತು ಎಂದು ಸುಳ್ಳು ಹೇಳಿದೆ. ಅವರು ಮತ್ತೆ ಕೇಳಲಿಲ್ಲ.

ಒಂದು ವಾರ ತಡೆದುಕೊಂಡೆ. ಹರಾಜಿನ ದಿನ ತಡೆಯಲಾಗಲಿಲ್ಲ. ಹೊಟ್ಟೆ ನೋವೆಂದು ಕಚೇರಿಗೆ ರಜೆ ಹಾಕಿ, ಬ್ಯಾಂಕಿನಿಂದ ಠೇವಣಿಗೆ ಬೇಕಾದ ಡ್ರಾಫ್ಟ್ ಮಾಡಿಸಿಕೊಂಡು ಒಳಜೇಬಿನಲ್ಲಿಟ್ಟು, ಬಂಗಲೆಗೆ ಹೋದೆ. ಅಂಗಳದ ತುಂಬ ಜನ. ಚೋರ್ ಬಜಾರಿನ ವ್ಯಾಪಾರಿಗಳು, ಸಿನಿಮಾ ಶೂಟಿಂಗಿಗೆ ಗಾಡಿ ಬಾಡಿಗೆ ಕೊಡುವವರು, ಸುಮ್ಮನೆ ನೋಡಲು ಬಂದವರು. ನಾನು ಹಿಂದೆ, ಒಂದು ಕಂಬದ ಪಕ್ಕ ನಿಂತೆ. ಮೇಜು ಕುರ್ಚಿಗಳೆಲ್ಲ ಹೋಗಿ ಕೊನೆಗೆ ಕಾರಿನ ಸರದಿ ಬಂತು. ಹರಾಜು ಕೂಗುವವನು ಮೊದಲ ಬೆಲೆ ಹೇಳಿದ. ಇನ್ನೇನು ಕೈ ಎತ್ತಬೇಕು, ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಅರ್ಧ ತೋಳಿನ ಬಿಳಿ ಅಂಗಿ.

ಅವರೇ. ಕಂಕುಳಲ್ಲಿ ಪೇಪರಿಲ್ಲ, ಕೈಯಲ್ಲೊಂದು ಲಕೋಟೆ.

ನನ್ನ ಕೈ ಎದ್ದದ್ದು ಎದೆಯವರೆಗೆ ಬಂದು ಅಲ್ಲೇ ನಿಂತಿತು. ಶೂಟಿಂಗ್ ಗಾಡಿಯವನೊಬ್ಬ ಏರಿಸಿದ. ಇವರು ಮತ್ತೆ ಏರಿಸಿದರು. ನಾಲ್ಕೈದು ಸಲ ಹೀಗಾಯಿತು. ಆ ಮನುಷ್ಯ ತಲೆ ಅಲ್ಲಾಡಿಸಿ ಹಿಂದೆ ಸರಿದ. "ಏಕ್ ಬಾರ್... ದೋ ಬಾರ್... ತೀನ್ ಬಾರ್!" ಸುತ್ತಿಗೆ ಬಿತ್ತು. ಹೆಸರು ಕೇಳಿದರು. ಅವರು ತಮ್ಮ ಹೆಸರನ್ನೇ ಸ್ಪಷ್ಟವಾಗಿ ಹೇಳಿ ಸಹಿ ಹಾಕಲು ಬಗ್ಗಿದರು. ನಾನು ಯಾರಿಗೂ ಕಾಣದ ಹಾಗೆ ಗೇಟು ದಾಟಿ, ಸ್ಟೇಷನ್ನಿನವರೆಗೆ ಓಡಿದಂತೆಯೇ ನಡೆದೆ.

ಆ ಸಿಟ್ಟು ಹೇಗಿತ್ತೆಂದು ಈಗ ಹೇಳಿದರೆ ನಗು ಬರುತ್ತದೆ. ಕಾರು ಹೋದದ್ದಕ್ಕೆ ಅಲ್ಲ. ಗ್ಯಾರೇಜಿನ ಚಹಾ ಮುಟ್ಟದ ಮನುಷ್ಯ, ರೊಟ್ಟಿ ಹಂಚಿಕೊಂಡ ಮನುಷ್ಯ, ನನ್ನನ್ನು ಹೆದರಿಸಿ ಹಿಂದೆ ಸರಿಸಿ ತಾನೇ ಕೊಂಡುಕೊಂಡ. ಅವತ್ತು ಬಾನೆಟ್ಟಿನ ಹತ್ತಿರ ಅರ್ಧ ಗಂಟೆ ಡ್ರೈವರನ ಜೊತೆ ಮಾತಾಡಿದ್ದು ಇದಕ್ಕೇ. "ನಿಮ್ಮ ಗಾಡಿ ಅಲ್ಲ" ಎಂದದ್ದರ ಅರ್ಥ ಇದೇ. ಹೀಗೆ ಒಂದೊಂದನ್ನೂ ಜೋಡಿಸಿಕೊಂಡೆ. ಎಲ್ಲವೂ ಸರಿಯಾಗಿ ಕೂತಿತು.

ಮರುದಿನ ಅವರು ಎಂದಿನಂತೆ, "ಹೊಟ್ಟಿ ಹೆಂಗೈತ್ರಿ?" ಎಂದು ಕೇಳಿದರು. "ಪರವಾಗಿಲ್ಲ" ಎಂದು ಫೈಲು ತೆರೆದುಕೊಂಡೆ. ಮಧ್ಯಾಹ್ನ ಊಟಕ್ಕೆ ಬೇರೆ ಮೇಜಿಗೆ ಹೋದೆ. ಎರಡು ದಿನ ಅವರು ನನ್ನ ಕಡೆ ನೋಡಿದರು. ಮೂರನೆಯ ದಿನ ಒಬ್ಬರೇ ಡಬ್ಬಿ ಬಿಚ್ಚಿ ಊಟ ಮಾಡಿದರು. ಏನಾಯಿತೆಂದು ನಾನು ಅವರನ್ನು ಕೇಳಲಿಲ್ಲ. ಯಾಕೆಂದು ಅವರೂ ನನ್ನನ್ನು ಕೇಳಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪಕ್ಕದ ಮೇಜಿನ ವಿನಾಯಕ ಒಂದು ದಿನ, "ಏನ್ರೀ, ನಿಮ್ಮ ಗುರುಗಳ ಜೊತೆ ಮಾತಿಲ್ಲ?" ಎಂದು ಕೆಣಕಿದ. ನಾನು ಎಲ್ಲವನ್ನೂ ಕಕ್ಕಿದೆ. ಕೊನೆಗೆ, ಯಾರಿಗೂ ಹೇಳಬೇಡಿ ಎಂದೆ. ಹಾಗೆಂದರೆ ಎಲ್ಲರಿಗೂ ಹೇಳಿ ಎಂದರ್ಥ ಎನ್ನುವುದು ಇಪ್ಪತ್ತೇಳರ ವಯಸ್ಸಿನಲ್ಲಿ ಗೊತ್ತಿರಲಿಲ್ಲವೆಂದರೆ ನನಗೇ ನಾನು ಮೋಸ ಮಾಡಿಕೊಂಡಂತೆ. ಒಂದು ವಾರದಲ್ಲಿ ಮಾತು ಬೆಳೆಯಿತು. ಸರ್ವೇಯರ್ ಸಾಹೇಬರು ಗಾಡಿ ಕೆಟ್ಟಿದೆ ಎಂದು ಹೆದರಿಸುತ್ತಾರೆ, ತಾವೇ ಕೊಳ್ಳುತ್ತಾರೆ, ಮಾರುತ್ತಾರೆ. ಇನ್ನೊಂದು ವಾರಕ್ಕೆ ಅದು ಒಂದು ಗಾಡಿಯಲ್ಲ, ಆರೇಳು ಗಾಡಿ ಆಯಿತು. ಮ್ಯಾನೇಜರರ ಕಿವಿಗೂ ಬಿತ್ತು. ವಿಚಾರಣೆ ಮುಗಿಯುವವರೆಗೆ ಎಂದು ಅವರನ್ನು ಸರ್ವೇಯಿಂದ ಬಿಡಿಸಿ, ಹಳೆಯ ಫೈಲುಗಳಿಗೆ ನಂಬರು ಹಾಕುವ ಕೆಲಸಕ್ಕೆ ಕೂಡಿಸಿದರು.

ಮೂಲೆಯ ಮೇಜಿನಲ್ಲಿ ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ನಂಬರು ಹಾಕುತ್ತಿದ್ದರು. ಕೂತು ಅಭ್ಯಾಸವಿಲ್ಲದ ಮನುಷ್ಯ. ಆಗಾಗ ಎದ್ದು ಕಿಟಕಿಯ ಬಳಿ ನಿಂತು ಕೆಳಗೆ ಹೋಗುವ ಗಾಡಿಗಳನ್ನು ನೋಡುವರು. ಆಗ ನಾನು ಎದುರಿನ ಫೈಲಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ತಪ್ಪು ಮಾಡಿದ್ದಾರೆ, ಅನುಭವಿಸಲಿ ಎಂದು ಹೇಳಿಕೊಂಡರೂ ಮುಂದಿನ ಸಾಲಿಗೆ ಹೋಗಲಾಗುತ್ತಿರಲಿಲ್ಲ.

ಮನೆ ಬುಕ್ ಮಾಡಲೂ ನನಗೆ ಮನಸ್ಸಾಗಲಿಲ್ಲ. ಡ್ರಾಫ್ಟನ್ನು ಮತ್ತೆ ಬ್ಯಾಂಕಿಗೆ ಕಟ್ಟಿದ್ದೆ. ಸರೋಜ ಕೇಳಿದಾಗಲೆಲ್ಲ, "ನೋಡೋಣ, ಆತುರ ಏನಿದೆ" ಎನ್ನುತ್ತಿದ್ದೆ. ಅವಳು ಆ ಬಿಲ್ಡಿಂಗಿನ ಕಡೆ ಹೋಗುವುದನ್ನು ನಿಲ್ಲಿಸಿದಳು. ಊಟ ಬಡಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು.

ಮೇ ತಿಂಗಳಲ್ಲಿ ಕಚೇರಿಯ ಒಬ್ಬರ ತಂಗಿಯ ಮದುವೆಗೆಂದು ಮಾಟುಂಗಾದ ಒಂದು ಹಾಲಿಗೆ ಹೋಗಿದ್ದೆ. ಬಾಗಿಲ ಮುಂದೆ ಸೇವಂತಿಗೆ ಹಾರ ಹಾಕಿಕೊಂಡು ಆ ನೀಲಿ ಕಾರು ನಿಂತಿತ್ತು. ಬಾಡಿಗೆಗೂ ಬಿಡಲು ಶುರು ಮಾಡಿದರೇ ಎಂದುಕೊಂಡು ಹತ್ತಿರ ಹೋದರೆ, ಬಟ್ಟೆ ಹಿಡಿದು ಒರೆಸುತ್ತಿದ್ದವರು ಜೋಕಿಂ. ಸಮವಸ್ತ್ರವಿರಲಿಲ್ಲ. ನನ್ನನ್ನು ಗುರುತು ಹಿಡಿದು, "ಓಹೋ, ಬನ್ನಿ ಬನ್ನಿ ಮಾರಾಯ್ರೆ! ಸಾರ್ ಹೇಗಿದ್ದಾರೆ?" ಎಂದರು.

"ಯಾರ ಪರವಾಗಿ ಓಡಿಸ್ತಾ ಇದ್ದೀರಿ ಈಗ?" ಎಂದು ಕೇಳಿದೆ. ನನ್ನ ದನಿ ನನಗೇ ಕಹಿಯಾಗಿ ಕೇಳಿಸಿತು.

"ಯಾರ ಪರವಾಗಿ ಅಂತ ಎಂತ ಕೇಳುದು! ನಂದೇ ಗಾಡಿ." ನಗುತ್ತ ಎದೆ ತಟ್ಟಿಕೊಂಡರು. "ನಿಮ್ಮ ಸಾರ್ ಹೇಳ್ಲಿಲ್ವಾ?"

ಅವರೇ ಹೇಳಿದರು. ಕೆಲಸ ಹೋಗುತ್ತದೆ, ಆ ಗಾಡಿಯೊಂದನ್ನು ಬಿಟ್ಟರೆ ತಮಗೆ ಬೇರೆ ಏನೂ ಗೊತ್ತಿಲ್ಲ, ಮದುವೆಗೆ ಬಾಡಿಗೆ ಓಡಿಸಿ ಬದುಕೋಣ ಎಂದು ಯೋಚಿಸಿದ್ದರಂತೆ. ಹಾಳಾದ ತಂತಿಗೆ ಬದಲು ಹಾಕಲು ಬೇಕಾದ ಸಾಮಾನೂ ಅವರ ಹತ್ತಿರವಿತ್ತು. ಕಂಪನಿಯ ಇನ್ನೊಂದು ಅಂಥದೇ ಗಾಡಿ ಗುಜರಿಗೆ ಹೋದಾಗ ಬಿಚ್ಚಿ ಮನೆಯ ಅಟ್ಟದ ಮೇಲೆ ಇಟ್ಟುಕೊಂಡಿದ್ದರು. ಆದರೆ ಹರಾಜಿನ ದಿನವೇ ಹೆಂಡತಿಗೆ ಆಪರೇಷನ್ ನಿಗದಿಯಾಯಿತು. ಕೂಗುವವರು ಎದುರಿಗೆ ಇರಬೇಕು, ಕೂಗಿದವರೇ ಸಹಿ ಹಾಕಬೇಕು ಎಂಬುದು ನಿಯಮ.

"ನನಗೆ ಯಾರ ಪರಿಚಯ ಉಂಟು ಹೇಳಿ? ಆವತ್ತು ಬಂದ ಸಾರ್ ನೆನಪಾದ್ರು. ಎಲ್ಲಿ ಕೆಲಸ ಅಂತ ಹೇಳಿದ್ರಲ್ಲ, ಹುಡುಕಿಕೊಂಡು ಬಾಂದ್ರಾಕ್ಕೆ ಹೋದೆ. ನನ್ನ ಜೀವಮಾನದ ದುಡ್ಡು ಅವರ ಕೈಯಲ್ಲಿ ಕೊಟ್ಟು, ರಸೀದಿ ಸಹ ಕೇಳ್ಲಿಲ್ಲ ನಾನು. ಸಾರ್ ಅವರೇ ಕೂತು ಬರೆದು ಕೊಟ್ರು. ಹರಾಜು ಮುಗಿಸಿ ಸೀದಾ ಆಸ್ಪತ್ರೆಗೆ ಬಂದು ಬೀಗದ ಕೈ ನನ್ನ ಕೈಯಲ್ಲಿ ಇಟ್ರು. ಆರ್‌ಟಿಓ ಕಾಗದ ಎಲ್ಲ ನನ್ನ ಹೆಸರಿಗೇ ಮಾಡಿಸಿದ್ರು." ಒರೆಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. "ಅವರು ಒಂದೇ ಮಾತು ಕೇಳಿದ್ದು. ನಮ್ಮ ಹುಡುಗನಿಗೆ ಈ ಗಾಡಿ ಬೇಡ ಅಂತ ಹೇಳಿದ್ದೇನೆ, ಅವನು ಕೂಗಲಿಕ್ಕೆ ಬಂದ್ರೆ ನಾನು ಕೂಗುದಿಲ್ಲ, ಒಪ್ಪಿಗೆಯಾ ಅಂತ. ಆಯ್ತು ಸಾರ್ ಅಂದೆ. ನೀವು ಬರ್ಲಿಲ್ಲ ಅಂತ ಆಮೇಲೆ ಹೇಳಿದ್ರು. ತುಂಬ ಸಮಾಧಾನ ಆಗಿತ್ತು ಅವರಿಗೆ."

ಒಳಗೆ ನಾದಸ್ವರ ಶುರುವಾಗಿತ್ತು. ನಾನು ಊಟ ಮಾಡಲಿಲ್ಲ. ಮಾಟುಂಗಾದಿಂದ ದಾದರ್‌ವರೆಗೆ ಬಿಸಿಲಲ್ಲಿ ನಡೆದೆ. ನಾಚಿಕೆಯಿಂದ ಮುಖ ಸುಡುತ್ತಿತ್ತು, ನಿಜ. ಆದರೆ ಆ ನಾಚಿಕೆಗಿಂತ ದೊಡ್ಡದಾಗಿ, ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ ಇನ್ನೊಂದು ಭಾವನೆ ಇತ್ತು. ಸದ್ಯ, ಅವರು ಅಂಥವರಲ್ಲ. ಸದ್ಯ. ಫುಟ್‌ಪಾತಿನ ಮೇಲೆ ನಡೆಯುತ್ತ ಆ ಮಾತನ್ನು ಗಟ್ಟಿಯಾಗಿಯೇ ಹೇಳಿಕೊಂಡೆನೇನೋ, ಎದುರು ಬಂದವರೊಬ್ಬರು ತಿರುಗಿ ನೋಡಿದರು.

ಸೋಮವಾರ ಕಚೇರಿ ತೆರೆದ ಕೂಡಲೇ ಮ್ಯಾನೇಜರರ ಕೋಣೆಗೆ ಹೋಗಿ, ನಡೆದದ್ದನ್ನೆಲ್ಲ ನಿಂತೇ ಹೇಳಿದೆ. ಸುದ್ದಿ ಹಬ್ಬಿಸಿದವನು ನಾನು ಎಂಬುದನ್ನೂ ಹೇಳಿದೆ. ಮ್ಯಾನೇಜರು ಕನ್ನಡಕ ತೆಗೆದಿಟ್ಟು, "ವಿಚಾರಣೆಯಲ್ಲಿ ಅವರೂ ಇದನ್ನೇ ಹೇಳಿದ್ದರು. ಆ ಡ್ರೈವರನನ್ನು ಕರೆಸಿ ಎಂದರೆ, ಅವನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಈಗ ಬೇಡ, ನಾನು ಕಾಯುತ್ತೇನೆ ಎಂದರು. ನಾವು ನಂಬಲಿಲ್ಲ" ಎಂದರು. ನನಗೆ ಬೈದರು, ಬೈಯಬೇಕಾದಷ್ಟು. ಆ ವಾರವೇ ಜೋಕಿಂ ಬಂದು ಕಾಗದ ತೋರಿಸಿ ಹೋದರು, ಇವರಿಗೆ ಸರ್ವೇ ಕೆಲಸ ಮತ್ತೆ ಸಿಕ್ಕಿತು.

ಆದರೆ ಅವರೆದುರು ನಿಲ್ಲುವುದು ಅಷ್ಟು ಸುಲಭವಿರಲಿಲ್ಲ. ಅದೇ ಸೋಮವಾರ ಸಂಜೆ ಬಾಂದ್ರಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅವರನ್ನು ಹಿಡಿದೆ. ಬೋರಿವಲಿ ಲೋಕಲ್ಲಿಗೆ ಕಾಯುತ್ತಿದ್ದರು. ಹರಾಜಿಗೆ ಹೋಗಿದ್ದೆ, ಕಂಬದ ಹಿಂದೆ ನಿಂತು ನೋಡಿದೆ, ವಿನಾಯಕನಿಗೆ ಹೇಳಿದ್ದು ನಾನೇ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಟ್ರೇನು ಬಂತು. ಅವರು ಹತ್ತಲಿಲ್ಲ. ಹೋಯಿತು.

"ನೀವಂತ ಗೊತ್ತಿರಲಿಲ್ರಿ" ಎಂದರು. "ಊಟಕ್ಕ ಬರೂದು ಬಿಟ್ಟ್ರಿ. ಗಾಡಿ ಬ್ಯಾಡ ಅಂದದ್ದಕ್ಕ ಮನಸ್ಸಿಗೆ ಹತ್ತಿರಬೇಕು ಅಂತ ಸುಮ್ಮನಿದ್ದೆ. ನೀವಂತ ಗೊತ್ತಿರಲಿಲ್ಲ." ಹೋದ ಟ್ರೇನಿನ ಕಡೆ ನೋಡಿದರು. "ಎರಡು ತಿಂಗಳು ಮನ್ಯಾಗ ಹೇಳಿಲ್ಲ ನಾನು. ಸರ್ವೇಕ್ಕ ಹೊಂಟೇನಿ ಅಂತ ದಿನಾ ಪೇಪರ್ ಹಿಡಕೊಂಡ ಮನಿ ಬಿಡತಿದ್ದೆ."

"ತಪ್ಪಾಯ್ತು ಸಾರ್."

"ಆತು" ಎಂದರು. "ಆತಲ್ಲ." ಕ್ಷಮಿಸಿದೆ ಎನ್ನಲಿಲ್ಲ. ಇನ್ನೊಂದು ಟ್ರೇನು ಬಂತು. ಇಬ್ಬರೂ ಹತ್ತಿದೆವು. ಜನರ ನಡುವೆ ಒತ್ತಿಕೊಂಡು ನಿಂತಾಗ ನನ್ನ ಕಿವಿಯ ಹತ್ತಿರ ಕೇಳಿದರು, "ಮನಿ ಬುಕ್ ಮಾಡಿದ್ರೇನು?"

"ಇಲ್ಲ ಸಾರ್."

"ನಿಮ್ಮ ಮನಿಯವರಿಗೆ ಆ ರೊಕ್ಕದ ವಿಚಾರ ಹೇಳೀರೇನು? ಖರೇ ಹೇಳ್ರಿ."

"ಇಲ್ಲ."

"ಇವತ್ತ ಹೇಳ್ರಿ. ನಾನೂ ಇವತ್ತ ಮನ್ಯಾಗ ಹೇಳ್ತೀನಿ." ಅವರ ಮನೆ ಗೋರೆಗಾಂವಿನಲ್ಲಿತ್ತು. ಇಳಿಯುವಾಗ ನನ್ನ ತೋಳನ್ನು ಒಮ್ಮೆ ಒತ್ತಿ ಜನರ ಜೊತೆ ಹೋಗಿಬಿಟ್ಟರು.

ಮನೆಗೆ ಹೋಗಿ ಚಪ್ಪಲಿ ಬಿಟ್ಟವನೇ ಸರೋಜಳನ್ನು ಕೂರಿಸಿ ಹೇಳಿದೆ. ಕಾರು, ಡ್ರಾಫ್ಟು, ಹರಾಜು, ಅವರ ಮೇಲೆ ನಾನು ಹೊರಿಸಿದ್ದು, ಎಲ್ಲ. ಮುಗಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ನಾನು ಹೆದರಿದೆ.

"ಇಷ್ಟೇನಾ?" ಎಂದಳು. "ನಿಮಗೇನೋ ದೊಡ್ಡ ಕಾಯಿಲೆ ಬಂದಿದೆ, ನನಗೆ ಹೇಳ್ತಿಲ್ಲ ಅಂದ್ಕೊಂಡಿದ್ದೆ. ಊಟ ಸೇರಲ್ಲ, ನಿದ್ದೆ ಇಲ್ಲ. ದುಡ್ಡು ಆಸ್ಪತ್ರೆಗೆ ಬೇಕಾಗುತ್ತೆ ಅಂತಾನೇ ಮನೆ ಬೇಡ ಅಂತಿದ್ದೀರಿ ಅಂತ... ಎಷ್ಟು ದಿನದಿಂದ ದೇವರಿಗೆ ಹೇಳ್ಕೋತಿದೀನಿ ಗೊತ್ತಾ? ಕಾರು! ಬರೀ ಕಾರು!" ಅಳುತ್ತಲೇ ನಗತೊಡಗಿದಳು. ನನಗೂ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಪಕ್ಕದ ಕೋಣೆಯ ಮರಾಠಿ ಆಜಿ, ಏನಾಯಿತೆಂದು ಬಾಗಿಲಿಗೆ ಬಂದು ಇಣುಕಿದರು. ಸರೋಜ ಕಣ್ಣೊರೆಸಿಕೊಂಡು, "ಕಾಹೀ ನಾಹೀ ಆಜಿ, ಸಗಳಂ ಠೀಕ್ ಆಹೆ" ಎಂದಳು, ಏನಿಲ್ಲ, ಎಲ್ಲ ಸರಿಯಾಗಿದೆ ಎಂದು. ಆ ದಿನ ಅವಳು ಮಾಡಿದ ಹುಳಿಯನ್ನು ಮೂರು ಸಲ ಹಾಕಿಸಿಕೊಂಡು ತಿಂದೆ.

ಮರುದಿನ ಅವರು ನನಗಿಂತ ಮೊದಲೇ ಕಚೇರಿಗೆ ಬಂದು ಮೂಲೆಯ ಮೇಜಿನಲ್ಲಿ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಎದ್ದರು.

"ಹೇಳಿದ್ರೇನು?"

"ಹೇಳಿದೆ ಸಾರ್."

"ಏನಂದ್ರು?"

ಸರೋಜ ಹೇಳಿದ್ದನ್ನು ಹೇಳಿದೆ. ಅವರು ಕೇಳುತ್ತ ಕೇಳುತ್ತ ಮೇಜಿನ ಅಂಚು ಹಿಡಿದುಕೊಂಡು ನಗಲು ಶುರು ಮಾಡಿದರು. ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಮೊದಲು ಕೇಳಿರಲಿಲ್ಲ. ಇಡೀ ವಿಭಾಗ ತಲೆ ಎತ್ತಿ ನೋಡಿತು, ವಿನಾಯಕ ಕೂಡ.

"ನೀವೇನು ಸಾರ್, ಮನೆಯಲ್ಲಿ ಹೇಳಿದಿರಾ?" ಎಂದು ಕೇಳಿದೆ.

"ಹೇಳಿದೆ. ನಮ್ಮಾಕಿಗೆ ಮೊದಲ ದಿನಾನ ಗೊತ್ತಿತ್ತಂತ. ಸಂಜೀಕ ತರೂ ಪೇಪರು ಮಡಿಕಿ ಸುದ್ದಾ ಮುರದಿರೂದಿಲ್ಲ, ನೀವೆಲ್ಲಿ ಸರ್ವೇಕ್ಕ ಹೋಗ್ತೀರಿ, ನೀವಾಗೇ ಹೇಳ್ಲಿ ಅಂತ ಬಿಟ್ಟಿದ್ದೆ ಅಂದ್ಲು." ಕಣ್ಣಿನ ಮೂಲೆ ಒರೆಸಿಕೊಂಡು, ಎದುರಿಗಿದ್ದ ಫೈಲುಗಳನ್ನು ಒಂದು ಪಕ್ಕಕ್ಕೆ ಸರಿಸಿದರು.

ಶುಕ್ರವಾರ ಅವರಿಗೆ ಮೊದಲ ಸರ್ವೇ ಬಂತು, ಕುರ್ಲಾದಲ್ಲಿ ಉರುಳಿಬಿದ್ದ ಒಂದು ಟೆಂಪೊ. ಕಾಗದ ಕೈಗೆ ತೆಗೆದುಕೊಂಡು ಬಾಗಿಲವರೆಗೆ ಹೋದವರು ನಿಂತು, ಹಿಂತಿರುಗಿ ನೋಡಿದರು.

"ಬರ್ರಿ ಮೈಸೂರವರ. ಬರಕೊಳ್ಳಾಕ ಯಾರರ ಬೇಕಲ್ಲ."

ಪೆನ್ನು ತೆಗೆದುಕೊಂಡು ಅವರ ಹಿಂದೆ ಮೆಟ್ಟಿಲಿಳಿದೆ.